ಕಥೆ ಓದಿದರೆ ತಿಳಿಯುತ್ತದೆ, ಸಮಾಜ ಪಾಠ ಓದಿದರೆ ಯಾಕೆ ತಿಳಿಯಲ್ಲ?

ಸೇಡಂ ರೋಡ್ ಅಮ್ಮ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ಮಗ ಆರನೇ ಕ್ಲಾಸ್, ಕನ್ನಡ ಮಾಧ್ಯಮ. ಓದೋಕೆ ಬರಲ್ಲ ಅಂತಲ್ಲ. ಕಥೆ ಪುಸ್ತಕ ಕೈಗೆ ಸಿಕ್ಕರೆ ಊಟಕ್ಕೆ ಕರೆದರೂ ಏಳಲ್ಲ. ಮುಗಿಸಿ ಬಂದು ಪೂರ್ತಿ ಕಥೆ ನನಗೇ ಹೇಳುತ್ತಾನೆ. ಸಮಾಜ ವಿಜ್ಞಾನ, ವಿಜ್ಞಾನ ತೆಗೆದರೆ ಮಾತ್ರ ಮುಗೀತು. ತಪ್ಪಿಲ್ಲದೆ ಗಟ್ಟಿಯಾಗಿ ಓದುತ್ತಾನೆ. "ಏನು ಓದಿದೆ ಹೇಳಪ್ಪಾ" ಅಂದರೆ ನನ್ನ ಮುಖ ನೋಡುತ್ತಾನೆ. ತಮಾಷೆ ಅಂದರೆ ಪಾಠದ ಹಿಂದಿನ ಪ್ರಶ್ನೆಗಳಿಗೆ ಉತ್ತರ ಬರೆಯುತ್ತಾನೆ, ಅವು ಸರಿಯಾಗೇ ಇರುತ್ತವೆ! ತಿಳಿಯದೇ ಇದ್ದರೆ ಉತ್ತರ ಹೇಗೆ ಬಂತು?

ಟ್ಯೂಷನ್‌ನವರು "ಪ್ರಶ್ನೋತ್ತರ ಇನ್ನೂ ಜಾಸ್ತಿ ಬರೆಸಿ" ಅಂತಾರೆ. ನಾನು ಪಿಯುಸಿ ಓದಿದವಳು. ರಾತ್ರಿ ಅರ್ಧ ಗಂಟೆ ಅವನ ಜೊತೆ ಕೂರಬಲ್ಲೆ. ಆ ಅರ್ಧ ಗಂಟೆಯಲ್ಲಿ ಏನು ಮಾಡಿದರೆ ಉಪಯೋಗ?

ಸೂಪರ್ ಮಾರ್ಕೆಟ್ ಹುಡುಗ, ಕಲಬುರಗಿ

ಮೊಬೈಲ್ ಕಸಿದುಕೊಳ್ಳಿ ಅಕ್ಕಾ. ಎಲ್ಲಾ ಸರಿ ಹೋಗುತ್ತದೆ.

ಸೇಡಂ ರೋಡ್ ಅಮ್ಮ

ಮನೆಯಲ್ಲಿರೋದು ಒಂದೇ ಮೊಬೈಲ್. ಅದು ಅವರಪ್ಪನ ಜೊತೆ ಡ್ಯೂಟಿಗೆ ಹೋಗುತ್ತದೆ ತಮ್ಮಾ.

ಚಿತ್ತಾಪುರ ಮಾಸ್ತರ

ಅಕ್ಕಾವ್ರೇ, ಉತ್ತರ ಸರಿ ಬರೆಯೋದು ಬೇರೆ, ಓದಿದ್ದು ತಿಳಿಯೋದು ಬೇರೆ. ಸಾಲಿಯಲ್ಲೇ ಕೂದಲು ಬೆಳ್ಳಗಾದವನು ಹೇಳುತ್ತಿದ್ದೇನೆ. ಮಗನಿಗೆ ಈ ಎರಡು ಸಾಲು ಕೊಟ್ಟು ನೋಡಿ.

"ಮಳೆಗಾಲದಲ್ಲಿ ಗಿಬ್ಬಲುಗಳು ದೊರಕಿಯ ತುದಿಯಲ್ಲಿ ಚುಪ್ಪಳಿಸುತ್ತವೆ. ಚುಪ್ಪಳಿಸಿದ ಗಿಬ್ಬಲುಗಳನ್ನು ಮೆಂಡರು ಸಂಗ್ರಹಿಸುತ್ತಾರೆ."

ಗಿಬ್ಬಲುಗಳು ಎಲ್ಲಿ ಚುಪ್ಪಳಿಸುತ್ತವೆ? ಅವುಗಳನ್ನು ಯಾರು ಸಂಗ್ರಹಿಸುತ್ತಾರೆ?

ಎರಡಕ್ಕೂ ಸರಿ ಉತ್ತರ ಬರೆಯುತ್ತಾನೆ ನೋಡ್ರಿ. ಗಿಬ್ಬಲು ಅಂದರೆ ಏನು ಅಂತ ನನಗೂ ಗೊತ್ತಿಲ್ಲ, ಈಗಷ್ಟೇ ಹುಟ್ಟಿಸಿದ್ದು. ಕನ್ನಡದಲ್ಲಿ ಪದದ ಕೊನೆಗೆ "ಅಲ್ಲಿ", "ಅನ್ನು" ಅಂತ ಇರುತ್ತದಲ್ಲ, ಅಷ್ಟು ಗುರುತು ಸಾಕು. "ಎಲ್ಲಿ" ಅಂದರೆ "ಅಲ್ಲಿ" ಇರುವ ಪದ ಎತ್ತಿ ಕೊಟ್ಟರಾಯಿತು. ಹುಡುಗರು ಬಲು ಜಾಣರು. ಪ್ರಶ್ನೆಯಲ್ಲಿರುವ ಪದ ಪಾಠದಲ್ಲಿ ಎಲ್ಲಿದೆ ಅಂತ ಹುಡುಕಿ ಆ ಸಾಲು ಪೂರ್ತಿ ಬರೆದುಬಿಡುತ್ತಾರೆ. ನಾವು ಕೆಂಪು ಪೆನ್ನಲ್ಲಿ ಸರಿ ಹಾಕುತ್ತೇವೆ. ಇನ್ನಷ್ಟು ಪ್ರಶ್ನೋತ್ತರ ಬರೆಸಿದರೆ ಹುಡುಕುವ ಚುರುಕು ಹೆಚ್ಚುತ್ತದೆ, ಅಷ್ಟೇ.

ಕಥೆ ಯಾಕೆ ತಿಳಿಯುತ್ತದೆ ಅಂದರೆ, ಕಥೆಯೊಳಗಿನ ಸಿಟ್ಟು, ಹಸಿವು, ಜಗಳ, ಆಸೆ ಎಲ್ಲಾ ಅವನು ಮನೆಯಲ್ಲೇ ನೋಡಿದ್ದು. ಮುಂದೇನಾಗಬಹುದು ಅಂತ ಮನಸ್ಸು ತಾನಾಗಿ ಓಡುತ್ತದೆ. "ಆಡಳಿತ", "ಕಂದಾಯ", "ಶಿಲಾಪದರ" ಇವನ್ನು ಅವನು ಎಲ್ಲಿ ನೋಡಿದ್ದಾನೆ? ಪಾಠ ಬರೆದವರು ಓದುವವನಿಗೆ ಅರ್ಧ ವಿಷಯ ಮೊದಲೇ ಗೊತ್ತಿದೆ ಅಂದುಕೊಂಡು ಬರೆದಿರುತ್ತಾರೆ. ಆ ಅರ್ಧ ಇಲ್ಲದವನಿಗೆ ಉಳಿದರ್ಧವೂ ಸಿಗುವುದಿಲ್ಲ.

1988ರಲ್ಲಿ ಅಮೆರಿಕದಲ್ಲಿ ರೆಕ್ಟ್ ಮತ್ತು ಲೆಸ್ಲಿ ಅನ್ನುವ ಇಬ್ಬರು ಇದನ್ನೇ ಪರೀಕ್ಷೆ ಮಾಡಿದ್ದರು. 64 ಮಕ್ಕಳಿಗೆ ಬೇಸ್‌ಬಾಲ್ ಪಂದ್ಯದ ಒಂದು ತುಣುಕಿನ ವರ್ಣನೆ ಓದಿಸಿದರು. ಆಮೇಲೆ ಆಟದ ಮೈದಾನದ ಮಾದರಿ ಮೇಲೆ ಗೊಂಬೆ ಸರಿಸಿ, ಓದಿದ್ದನ್ನು ಹೇಳಿ ತೋರಿಸಿ ಅಂದರು. ಓದಿನಲ್ಲಿ ಹಿಂದುಳಿದಿದ್ದರೂ ಆಟ ಬಲ್ಲ ಮಕ್ಕಳು ಚೆನ್ನಾಗಿ ಹೇಳಿದರು. ಓದಿನಲ್ಲಿ ಮುಂದಿದ್ದು ಆಟ ಗೊತ್ತಿಲ್ಲದವರು ಅವರಿಗಿಂತ ಹಿಂದೆ ಬಿದ್ದರು. ನಮ್ಮಲ್ಲಿ ಕ್ರಿಕೆಟ್ ಸುದ್ದಿ ಕೊಟ್ಟು ನೋಡಿ. ಕನ್ನಡ ಪಾಠದಲ್ಲಿ ತಡವರಿಸುವ ಹುಡುಗನೂ ಕ್ರೀಡಾ ಪುಟ ಓದಿ ಅರ್ಧ ಗಂಟೆ ವಾದ ಮಾಡುತ್ತಾನೆ.

ಆದ್ದರಿಂದ ಪಾಠ ಓದಿಸುವ ಮೊದಲು ವಿಷಯದ ಮಾತಾಡಿ. ಪುಸ್ತಕ ಮುಚ್ಚಿಟ್ಟು, ಸುಮ್ನೆ ಐದು ನಿಮಿಷ. ಇವತ್ತು ಇಷ್ಟು ಮಾಡಿ ನೋಡಿ.

ತೊಗರಿ ಹೊಲ, ಆಳಂದ

ಮಾಸ್ತರು ಹೇಳಿದ್ದು ಖರೇ ಅದ. ನನ್ನ ಮಗ ವಿಜ್ಞಾನದಲ್ಲಿ "ಸಾರಜನಕ ಸ್ಥಿರೀಕರಣ" ಅಂತ ಬಾಯಿಪಾಠ ಮಾಡುತ್ತಿದ್ದ. ಬೇಳೆ ಜಾತಿಯ ಗಿಡಗಳ ಬೇರಿನ ಗಂಟುಗಳಲ್ಲಿ ಸೂಕ್ಷ್ಮಜೀವಿ ಇರುತ್ತವೆ, ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತವೆ ಅಂತ ಪಾಠದಲ್ಲಿತ್ತು. ಏನಪ್ಪಾ ಹಾಗಂದರೆ ಅಂತ ಕೇಳಿದರೆ ಮತ್ತೆ ಅದನ್ನೇ ಒದರುತ್ತಾನೆ. ಮನೆ ಸುತ್ತ ತೊಗರಿ ಇಟ್ಟುಕೊಂಡು ಇದೇನು ಅವಸ್ಥೆ! ಹೊಲಕ್ಕೆ ಕರಕೊಂಡು ಹೋದೆ. ಮಳೆಯಾಗಿ ಮಣ್ಣು ಮೆತ್ತಗಿತ್ತು. ಒಂದು ಗಿಡ ಹುಷಾರಾಗಿ ಅಗೆದು ಬೇರು ತೊಳೆದು ತೋರಿಸಿದೆ. ಗಂಟು ಹಿಸುಕಿದರೆ ಒಳಗೆ ನಸುಗೆಂಪು ಇತ್ತು. ಹಾಗಿದ್ದರೆ ಅದು ಕೆಲಸ ಮಾಡುತ್ತಿದೆ ಅಂತ ಲೆಕ್ಕ. ಮನೆಗೆ ಬಂದು ಅದೇ ಪಾಠ ಓದಿದ. ಈ ಸಲ ನಡುವೆ ನಿಲ್ಲಿಸಿ "ಅಪ್ಪಾ, ಜೋಳಕ್ಕೆ ಗಂಟು ಇರಲ್ವಾ? ಅದಕ್ಕೇ ಜೋಳಕ್ಕೆ ಯೂರಿಯಾ ಜಾಸ್ತಿ ಹಾಕ್ತೀಯಾ?" ಅಂತ ಕೇಳಿದ. ಆ ಪ್ರಶ್ನೆ ಪಾಠದಲ್ಲಿ ಇರಲಿಲ್ಲ.

ನಮ್ಮಂಥವರ ಮನೆಯಲ್ಲಿ ಪುಸ್ತಕ ಕಮ್ಮಿ, ಓದುವ ಕಾಗದ ಕಮ್ಮಿ ಇಲ್ಲ. ಬೆಳೆಗೆ ಹೊಡೆಯುವ ಔಷಧಿ ಡಬ್ಬದ ಮೇಲೆ ಬಣ್ಣದ ತ್ರಿಕೋನ ಇರುತ್ತದೆ. ಕೆಂಪು ಅಂದರೆ ಎಲ್ಲಕ್ಕಿಂತ ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಡಬ್ಬದ ಜೊತೆ ಬರುವ ಚೀಟಿಯಲ್ಲಿ ಕನ್ನಡವೂ ಇರುತ್ತದೆ. ಡಬ್ಬ ಮುಟ್ಟಿಸಲ್ಲ, ಚೀಟಿ ಮಾತ್ರ ಅವನ ಕೈಗೆ ಕೊಡುತ್ತೇನೆ. ಎಕರೆಗೆ ಎಷ್ಟು, ಎಷ್ಟು ನೀರಿಗೆ, ಹೊಡೆದ ಮೇಲೆ ಎಷ್ಟು ದಿನ ಬಿಟ್ಟು ಕೊಯ್ಯಬೇಕು ಅಂತ ಓದಿ ಹೇಳೋದು ಅವನ ಕೆಲಸ. ಅವನು ತಪ್ಪು ಹೇಳಿದರೆ ಬೆಳೆ ಹೋಗುತ್ತದೆ ಅಂತ ಅವನಿಗೂ ಗೊತ್ತು. ಅದಕ್ಕೇ ಎರಡು ಸಲ ಓದುತ್ತಾನೆ.

ಭಾಲ್ಕಿ ಅಕ್ಕ

ವಿಷಯ ಗೊತ್ತಿರಬೇಕು ಅನ್ನೋದು ಒಪ್ಪಿದೆ. ಆದರೆ ಅಷ್ಟರಿಂದಲೇ ಆಗಲ್ಲ ಮಾಸ್ತರೇ. ನಮ್ಮ ಪಾಠಗಳ ವಾಕ್ಯ ನೋಡಿದ್ದೀರಾ? ಕಥೆಯಲ್ಲಿ "ರಾಜ ಬಂದ. ಕುದುರೆ ಇಳಿದ" ಅಂತ ಇರುತ್ತದೆ. ಇತಿಹಾಸದಲ್ಲಿ ಹೀಗಿರುತ್ತದೆ:

"1347ರಲ್ಲಿ ಅಲಾವುದ್ದೀನ್ ಹಸನ್ ಬಹಮನ್ ಷಾ ಸ್ಥಾಪಿಸಿದ, ಕಲಬುರಗಿಯನ್ನು ಕೇಂದ್ರವಾಗಿ ಹೊಂದಿದ್ದ ಬಹಮನಿ ರಾಜ್ಯದ ರಾಜಧಾನಿಯನ್ನು ಹದಿನೈದನೆಯ ಶತಮಾನದಲ್ಲಿ ಅಹ್ಮದ್ ಷಾ ಬೀದರಿಗೆ ಸ್ಥಳಾಂತರಿಸಿದನು."

ಇದು ನಾನೇ ಬರೆದ ವಾಕ್ಯ, ಆದರೆ ಧಾಟಿ ಅದೇ ಅಲ್ವಾ? ಕನ್ನಡದಲ್ಲಿ ಕೆಲಸದ ಪದ ಕೊನೆಗೆ ಬರುತ್ತದೆ. ಅಲ್ಲಿಗೆ ಮುಟ್ಟುವವರೆಗೆ ಇಸವಿ, ಇಬ್ಬರು ರಾಜರು, ಎರಡು ಊರು ಎಲ್ಲಾ ಮಗು ತಲೆಯಲ್ಲಿ ಹೊತ್ತುಕೊಂಡಿರಬೇಕು. ಕೊನೆ ಮುಟ್ಟುವ ಹೊತ್ತಿಗೆ ಮೊದಲಿನದು ಬಿದ್ದುಹೋಗಿರುತ್ತದೆ. ರಾಜಧಾನಿ ಬದಲಿಸಿದ್ದು ಯಾರು ಅಂದರೆ "ಹಸನ್ ಬಹಮನ್ ಷಾ" ಅನ್ನುತ್ತಾರೆ. ಮೊದಲು ಕಂಡ ಹೆಸರು ಅದೇ ತಾನೇ!

ನಮ್ಮ ಮಗಳ ಜೊತೆ ನಾನು ವಾಕ್ಯವನ್ನು ಹಿಂದಿನಿಂದ ಬಿಡಿಸುತ್ತೇನೆ. ಮೊದಲು ಕೊನೆಯ ಪದಕ್ಕೆ ಹೋಗು. "ಸ್ಥಳಾಂತರಿಸಿದನು." ಯಾರು? ಅಹ್ಮದ್ ಷಾ. ಏನನ್ನು? ರಾಜಧಾನಿಯನ್ನು. ಎಲ್ಲಿಗೆ? ಬೀದರಿಗೆ. ವಾಕ್ಯದ ಬೆನ್ನೆಲುಬು ಸಿಕ್ಕಿತು. ಉಳಿದಿದ್ದೆಲ್ಲಾ "ಯಾವ ರಾಜ್ಯ" ಅನ್ನೋದಕ್ಕೆ ಉತ್ತರ. ಆಮೇಲೆ ಅದನ್ನೇ ಚಿಕ್ಕ ಚಿಕ್ಕದಾಗಿ ಹೇಳು ಅಂತೀನಿ. "ಬಹಮನಿ ರಾಜ್ಯ ಕಟ್ಟಿದ್ದು ಹಸನ್ ಬಹಮನ್ ಷಾ. ಮೊದಲು ಕಲಬುರಗಿಯೇ ರಾಜಧಾನಿ. ಆಮೇಲೆ ಅಹ್ಮದ್ ಷಾ ಬೀದರಿಗೆ ಬದಲಿಸಿದ." ಹೀಗೆ ಅವಳ ಮಾತಲ್ಲಿ ಬಂದರೆ ಆಯಿತು. ಪುಟಕ್ಕೆ ಒಂದೋ ಎರಡೋ ಕಗ್ಗಂಟು ವಾಕ್ಯ ಇರುತ್ತವೆ, ಅವಕ್ಕೆ ಮಾತ್ರ ಇದು. ಎಲ್ಲಾ ವಾಕ್ಯಕ್ಕೂ ಮಾಡಲು ಹೋದರೆ ಮಗು ಪುಸ್ತಕ ಎಸೆದು ಓಡುತ್ತದೆ.

ಇನ್ನೊಂದು. "ಆದರೆ", "ಆದ್ದರಿಂದ", "ಆದರೂ", "ಇದರಿಂದಾಗಿ" ಇವನ್ನೆಲ್ಲಾ ಮಕ್ಕಳು ಹಾರಿಸಿಕೊಂಡು ಓದುತ್ತಾರೆ. ನಾನು ಅಲ್ಲಿ ಬೆರಳು ಅಡ್ಡ ಇಟ್ಟು ನಿಲ್ಲಿಸುತ್ತೇನೆ. "ಸಾಮಾನ್ಯವಾಗಿ ಇಂಥ ದೊಡ್ಡ ಮಸೀದಿಗಳಲ್ಲಿ ಬಯಲು ಅಂಗಳ ಇರುತ್ತದೆ. ಆದರೆ 1367ರಲ್ಲಿ ಕಟ್ಟಿದ ಕಲಬುರಗಿ ಕೋಟೆಯ ಜಾಮಿ ಮಸೀದಿಯಲ್ಲಿ..." ಇಲ್ಲಿಗೆ ನಿಲ್ಲಿಸಿ, ಮುಂದೆ ಏನಿರಬಹುದು ಹೇಳು ಅನ್ನೋದು. "ಅಂಗಳ ಇರಲ್ಲ" ಅಂತ ಅವಳೇ ಹೇಳಿದರೆ "ಆದರೆ" ಕೆಲಸ ಮಾಡಿತು ಅಂತ ಅರ್ಥ. ಖರೇನೇ ಅಲ್ಲಿ ಅಂಗಳ ಇಲ್ಲ, ಪೂರ್ತಿ ಚಾವಣಿ ಹಾಕಿದ್ದಾರೆ. ರಜೆಯಲ್ಲಿ ಕರಕೊಂಡು ಹೋಗಿ ತೋರಿಸಿ.

ಸೂಪರ್ ಮಾರ್ಕೆಟ್ ಹುಡುಗ

ಎಲ್ಲರೂ ಚೆಂದ ಚೆಂದ ಹೇಳುತ್ತಿದ್ದೀರಿ. ನಾನು ಟ್ಯೂಷನ್ ನಡೆಸುತ್ತೇನೆ, ನನ್ನ ಕಷ್ಟ ಕೇಳಿ. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಯಾದಗಿರಿ ಕೊನೆ, 2025ರಲ್ಲಿ ನಮ್ಮ ಕಲಬುರಗಿ ಕೊನೆ. ಪಾಲಕರು ಬಂದು ಕೇಳೋದು ಒಂದೇ, ಪಾಸ್ ಆಗುತ್ತಾನಾ ಇಲ್ವಾ. ಹೊಲಕ್ಕೆ ಕರಕೊಂಡು ಹೋಗಿ ಬೇರು ತೋರಿಸಲು ನನಗೆ ಟೈಮ್ ಎಲ್ಲಿದೆ? ಮುಖ್ಯ ಪ್ರಶ್ನೆ ಗುರುತು ಹಾಕಿ ಬರೆಸೋದೇ ದಾರಿ. ಗೈಡ್ ಬೈಯೋರು ಬೈಯಲಿ, ಗೈಡ್ ಇಲ್ಲದಿದ್ದರೆ ಅರ್ಧ ಜನ ಪಾಸೇ ಆಗಲ್ಲ.

ಚಿತ್ತಾಪುರ ಮಾಸ್ತರ

ತಮ್ಮಾ, ಹತ್ತನೇ ಕ್ಲಾಸಿನ ಫೆಬ್ರುವರಿ ತಿಂಗಳಲ್ಲಿ ನಾನಾದರೂ ಅದನ್ನೇ ಮಾಡುತ್ತೇನೆ. ಆದರೆ ಇಲ್ಲಿ ಕೇಳಿದ್ದು ಆರನೇ ಕ್ಲಾಸಿನ ಹುಡುಗನ ಬಗ್ಗೆ. ಅವನಿಗೆ ಇನ್ನೂ ವರ್ಷಗಳಿವೆ. ಈಗಲೇ ಗೈಡ್ ಕೊಟ್ಟರೆ ಪಾಠ ಓದುವ ಅಗತ್ಯವೇ ಬೀಳಲ್ಲ. ಪಾಠ ಓದದವನು ಹತ್ತನೇ ಕ್ಲಾಸಿಗೆ ಬಂದಾಗ ನಿನ್ನ ಹತ್ತಿರ ಬರುತ್ತಾನೆ, ಅವನನ್ನು ಮುಂದೆ ಇಟ್ಟುಕೊಂಡು ನೀನು ಒದ್ದಾಡುತ್ತೀಯ.

ಅಂಕದ ಮಾತೇ ಬೇಕೆಂದರೆ ನವೋದಯ ಶಾಲೆಯ ಪ್ರವೇಶ ಪರೀಕ್ಷೆ ನೋಡು. ಐದನೇ ಕ್ಲಾಸಿನ ಮಕ್ಕಳು ಬರೆಯೋದು, ಒಟ್ಟು 80 ಪ್ರಶ್ನೆ. ಅದರಲ್ಲಿ 20 ಭಾಷೆಯವು. ನಾಲ್ಕು ಗದ್ಯಭಾಗ, ಒಂದೊಂದಕ್ಕೆ ಐದು ಪ್ರಶ್ನೆ. ಅಲ್ಲಿ ಬರುವ ಗದ್ಯ ಮಗು ಮೊದಲು ನೋಡಿರುವುದೇ ಇಲ್ಲ. ಯಾವ ಗೈಡ್ ಬಾಯಿಪಾಠ ಮಾಡಿಸುತ್ತೀ?

ಸೂಪರ್ ಮಾರ್ಕೆಟ್ ಹುಡುಗ

ನವೋದಯದ್ದು ಒಪ್ಪಿದೆ ಸರ್. ಗೈಡ್ ವಿಷಯದಲ್ಲಿ ಮಾತ್ರ ನನ್ನದು ನನಗೆ.

ಅರಿವು ಕೇಂದ್ರದವಳು, ಸುರಪುರ ತಾಲೂಕು

ನಾನು ಗ್ರಾಮ ಪಂಚಾಯತಿ ಗ್ರಂಥಾಲಯ ನೋಡಿಕೊಳ್ಳುತ್ತೇನೆ. ಈಗ ಅದಕ್ಕೆ ಅರಿವು ಕೇಂದ್ರ ಅಂತ ಹೆಸರು. 2020ರಲ್ಲಿ "ಓದುವ ಬೆಳಕು" ಶುರುವಾದ ಮೇಲೆ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಪುಕ್ಕಟೆ. ಹಳ್ಳಿಯಲ್ಲಿ ಇರುವವರು ಮೊದಲು ಅಲ್ಲಿ ಹೆಸರು ಬರೆಸಿ. ಕಾಸಿಲ್ಲದೆ ಸಿಗುವುದನ್ನು ಯಾಕೆ ಬಿಡಬೇಕು?

ಮಕ್ಕಳು ಮಾಹಿತಿ ಪುಸ್ತಕ ತೆಗೆಯೋದು ಗಮನಿಸುತ್ತಿರುತ್ತೇನೆ. ಕಥೆ ಪುಸ್ತಕದ ಹಾಗೆಯೇ ಮೊದಲ ಸಾಲಿನಿಂದ ಶುರು ಮಾಡುತ್ತಾರೆ, ಎರಡನೇ ಪುಟಕ್ಕೆ ಸಾಕಾಗುತ್ತದೆ. ಇಂಥ ಪುಸ್ತಕಕ್ಕೆ ಬಾಗಿಲು ಬಹಳ. ಪರಿವಿಡಿ ನೋಡಿ ಬೇಕಾದ ಕಡೆಯಿಂದ ಶುರು ಮಾಡಬಹುದು. ಚಿತ್ರ, ಚಿತ್ರದ ಕೆಳಗಿನ ಸಣ್ಣ ಅಕ್ಷರ, ದಪ್ಪ ಅಕ್ಷರದ ಪದ, ನಕಾಶೆ, ಕೋಷ್ಟಕ ಎಲ್ಲಾ ಓದಬೇಕಾದವೇ. ಮಕ್ಕಳು ನಕಾಶೆ ಬಂದರೆ ಪುಟ ತಿರುಗಿಸುತ್ತಾರೆ. "ಇದು ಪರೀಕ್ಷೆಗೆ ಬರಲ್ಲ ಟೀಚರ್" ಅಂತಾರೆ.

ನಾನು ಪೇಪರಿನಿಂದ ಕಲಿಸುತ್ತೇನೆ. ಮಳೆಗಾಲದಲ್ಲಿ "ಉಜನಿ ಜಲಾಶಯದಿಂದ ಭೀಮಾ ನದಿಗೆ ಇಷ್ಟು ಕ್ಯುಸೆಕ್ ನೀರು" ಅಂತ ಸುದ್ದಿ ಬಂದೇ ಬರುತ್ತದೆ. ನಕಾಶೆ ಹಾಸಿ ಕೂರಿಸುತ್ತೇನೆ. ಉಜನಿ ಎಲ್ಲಿದೆ? ಸೊಲ್ಲಾಪುರ ಜಿಲ್ಲೆ. ಹಾಗಾದರೆ ನೀರು ಮೊದಲು ಅಫಜಲಪುರಕ್ಕೆ ಮುಟ್ಟುತ್ತದಾ, ಯಾದಗಿರಿಗಾ? ಕ್ಯುಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು, ಸುಮಾರು 28 ಲೀಟರ್. ಒಂದು ಲಕ್ಷ ಕ್ಯುಸೆಕ್ ಅಂದರೆ ಸೆಕೆಂಡಿಗೆ 28 ಲಕ್ಷ ಲೀಟರ್ ಅಂತ ಲೆಕ್ಕ ಹಾಕಿ ಹುಡುಗರು ಬಾಯಿ ಮೇಲೆ ಕೈ ಇಟ್ಟುಕೊಳ್ಳುತ್ತಾರೆ. ಆಮೇಲೆ ಅದೇ ಸುದ್ದಿಯನ್ನು ಮತ್ತೆ ಓದಿಸಬೇಕು. ಮೊದಲ ಸಲ ಅದರಲ್ಲಿ ಅಂಕಿ ಮಾತ್ರ ಕಂಡಿತ್ತು, ಈಗ ನದಿ ದಂಡೆಯ ಹಳ್ಳಿಗೆ ಏನಾಗುತ್ತದೆ ಅಂತ ಕಾಣುತ್ತದೆ. ನಮ್ಮ ಕಡೆ ಕೃಷ್ಣೆಯದೂ ಅದೇ ಕಥೆ, ನಾರಾಯಣಪುರದಿಂದ ಬಿಟ್ಟರೆ ಕೆಳಗಿನ ಊರಿಗೆ ಡಂಗುರ.

ಪಟ್ಟಣದವರು ಜೆಸ್ಕಾಂ ಕರೆಂಟ್ ಬಿಲ್ ಕೊಡಿ. ಹಿಂದಿನ ರೀಡಿಂಗ್, ಈಗಿನ ರೀಡಿಂಗ್, ಎರಡರ ನಡುವಿನ ಯೂನಿಟ್. ಹೋದ ತಿಂಗಳಿಗಿಂತ ಯಾಕೆ ಜಾಸ್ತಿ ಬಂತು ಅಂತ ಮಗುವೇ ಕಂಡುಹಿಡಿಯಲಿ.

ಗುರುಮಠಕಲ್ ಟೀಚರ್

ಎಲ್ಲರೂ ಮನೆಯಲ್ಲಿ ಕನ್ನಡವೇ ಇದೆ ಅಂದುಕೊಂಡು ಬರೆಯುತ್ತಿದ್ದೀರಿ. ನನ್ನ ಕ್ಲಾಸಿನಲ್ಲಿ ತೆಲುಗು ಮಾತಾಡುವ ಮಕ್ಕಳಿದ್ದಾರೆ, ತಾಂಡಾದಿಂದ ಬರುವ ಲಂಬಾಣಿ ಮಕ್ಕಳಿದ್ದಾರೆ, ಉರ್ದು ಮನೆಯವರಿದ್ದಾರೆ. ಬೀದರ್ ಕಡೆಯವರಿಗೆ ಮರಾಠಿ ಇರುತ್ತದೆ. ಪುಸ್ತಕದ ಕನ್ನಡ ಅವರಿಗೆ ಎರಡನೇ ಭಾಷೆ. ಆ ಕಡೆ ಇಂಗ್ಲಿಷ್ ಮಾಧ್ಯಮದ ಮಕ್ಕಳ ಕಷ್ಟವೂ ಇದೇ.

ಓದಿ ತಿಳಿಯೋದು ಅಂದರೆ ಎರಡು ಕೆಲಸ ಒಟ್ಟಿಗೆ ಅಂತ 1986ರಲ್ಲಿ ಗಾಫ್ ಮತ್ತು ಟನ್ಮರ್ ಅನ್ನುವವರು ಹೇಳಿದ್ದರು. ಒಂದು, ಅಕ್ಷರ ಬಿಡಿಸಿ ಓದೋದು. ಇನ್ನೊಂದು, ಆ ಮಾತನ್ನು ಕಿವಿಯಲ್ಲಿ ಕೇಳಿದರೂ ತಿಳಿಯೋದು. ಅವರು ಇವೆರಡನ್ನು ಕೂಡಿಸಲಿಲ್ಲ, ಗುಣಿಸಿದರು. ಯಾವುದಾದರೂ ಒಂದು ಸೊನ್ನೆ ಆದರೆ ಪೂರ್ತಿ ಸೊನ್ನೆ. ಅಕ್ಕಾ, ನಿಮ್ಮ ಮಗನನ್ನು ಪರೀಕ್ಷೆ ಮಾಡೋದು ಸುಲಭ. ಪಾಠವನ್ನು ನೀವೇ ಓದಿ ಹೇಳಿ, ಅವನು ಕೇಳಲಿ. ಕೇಳಿದರೂ ತಿಳಿಯದಿದ್ದರೆ ಅಕ್ಷರದ ತೊಂದರೆ ಅಲ್ಲ. ವಿಷಯ ಅಥವಾ ವಾಕ್ಯದ ತೊಂದರೆ, ಮೇಲೆ ಹೇಳಿದ್ದೆಲ್ಲಾ ಅದಕ್ಕೇ ಔಷಧಿ.

ನಾನು ಏನು ಮಾಡುತ್ತೇನೆ ಅಂದರೆ, ಪಾಠದ ವಿಷಯವನ್ನು ಮೊದಲು ಅವರವರ ಭಾಷೆಯಲ್ಲಿ ಮಾತಾಡಲು ಬಿಡುತ್ತೇನೆ. ತಾಂಡಾದ ಮಕ್ಕಳು ಮುಂಬೈ, ಪುಣೆ, ಹೈದರಾಬಾದ್ ನೋಡಿ ಬಂದಿರುತ್ತಾರೆ, ಅಪ್ಪ ಅಮ್ಮ ದುಡಿಯಲು ಹೋಗಿರುತ್ತಾರಲ್ಲ. "ವಲಸೆ" ಪಾಠ ಬಂದಾಗ ಅವರಿಗಿಂತ ಜಾಸ್ತಿ ತಿಳಿದವರು ಯಾರಿದ್ದಾರೆ? ಅವರು ಹೇಳಿದ್ದನ್ನು ಬೋರ್ಡಿನ ಮೇಲೆ ಕನ್ನಡದಲ್ಲಿ ಬರೆಯುತ್ತೇನೆ. ಆಮೇಲೆ ಪುಸ್ತಕ.

ಆಮೇಲೆ ನಾಲ್ಕು ನಾಲ್ಕು ಮಕ್ಕಳ ಗುಂಪು. 1984ರಲ್ಲಿ ಅಮೆರಿಕದ ಇಬ್ಬರು ಸಂಶೋಧಕಿಯರು ಬರೆದ ಪದ್ಧತಿ ಇದು. ಒಂದು ಪ್ಯಾರಾ ಓದಿ ನಿಲ್ಲಿಸಬೇಕು. ಒಬ್ಬಳು ಪ್ರಶ್ನೆ ಕೇಳುತ್ತಾಳೆ. ಒಬ್ಬ ತಿಳಿಯದ ಪದ, ತಿಳಿಯದ ಸಾಲು ಎತ್ತಿ ತೋರಿಸುತ್ತಾನೆ. ಒಬ್ಬ ಪ್ಯಾರಾದಲ್ಲಿ ಏನಿತ್ತು ಅಂತ ಎರಡು ಮಾತಲ್ಲಿ ಹೇಳುತ್ತಾನೆ. ಇನ್ನೊಬ್ಬಳು ಮುಂದೆ ಏನು ಬರಬಹುದು ಅನ್ನುತ್ತಾಳೆ. ಮುಂದಿನ ಪ್ಯಾರಾಕ್ಕೆ ಕೆಲಸ ಅದಲುಬದಲು. ಶುರುವಿನಲ್ಲಿ ಪ್ರಶ್ನೆ ಕೇಳೋದೇ ಬರಲ್ಲ, ಎಲ್ಲಾ "ಯಾವಾಗ", "ಯಾರು" ಅಂತಲೇ ಕೇಳುತ್ತಾರೆ. ಟೀಚರ್ ನಡುವೆ ಕೂತು ತಾನೂ ಒಂದು "ಯಾಕೆ" ಕೇಳಿ ತೋರಿಸಬೇಕು. ಮನೆಯಲ್ಲಿ ಇಬ್ಬರೇ ಇದ್ದರೂ ನಡೆಯುತ್ತದೆ. ಒಂದು ಪ್ಯಾರಾಕ್ಕೆ ಅಮ್ಮ ಕೇಳಲಿ, ಮುಂದಿನದಕ್ಕೆ ಮಗ ಕೇಳಲಿ, ಅಮ್ಮ ಉತ್ತರ ಹೇಳಲಿ. ಅಮ್ಮನನ್ನು ಸಿಕ್ಕಿಸಿಹಾಕುವ ಪ್ರಶ್ನೆ ಹುಡುಕಲಾದರೂ ಚೆನ್ನಾಗಿ ಓದುತ್ತಾನೆ!

ಭಾಲ್ಕಿ ಅಕ್ಕ

ಟೀಚರ್, ತಿಳಿಯದ ಪದಕ್ಕೆ ನಿಘಂಟು ನೋಡಿಸುತ್ತೀರಾ? ನಮ್ಮ ಮಗಳ ಸಾಲಿಯಲ್ಲಿ ಪ್ರತಿ ಪಾಠಕ್ಕೆ ಪದ ಮತ್ತು ಅರ್ಥ ಪಟ್ಟಿ ಬರೆಸುತ್ತಾರೆ.

ಗುರುಮಠಕಲ್ ಟೀಚರ್

ಪಟ್ಟಿಯಿಂದ ನನಗೇನೂ ಉಪಯೋಗ ಕಂಡಿಲ್ಲ. "ಬಾಷ್ಪೀಭವನ ಅಂದರೆ ಆವಿಯಾಗುವಿಕೆ" ಅಂತ ಬರೆದರೆ ಒಂದು ಗೊತ್ತಿಲ್ಲದ ಪದದ ಪಕ್ಕ ಇನ್ನೊಂದು ಬಂದು ಕೂರುತ್ತದೆ. ಒಗೆದ ಬಟ್ಟೆ ಒಣಗುವುದು, ಮಣ್ಣಿನ ಗಡಿಗೆಯಲ್ಲಿ ನೀರು ತಣ್ಣಗಾಗುವುದು ಹೇಳಿ. ಆಮೇಲೆ ಇದಕ್ಕೆ ಪುಸ್ತಕದಲ್ಲಿ ಬಾಷ್ಪೀಭವನ ಅಂತಾರೆ ಅನ್ನಿ. ಮತ್ತೆ ಪಾಠಕ್ಕೆ ನಾಲ್ಕೈದು ಪದ ಸಾಕು, ಯಾವು ಇಲ್ಲದಿದ್ದರೆ ಪಾಠ ಮುಂದೆ ಹೋಗಲ್ಲವೋ ಅವು ಮಾತ್ರ.

ಬೀದರ್ ಓಣಿಯವಳು

ಚರ್ಚೆ ಓದಿ ಖುಷಿ ಆಯಿತು. ಸೇಡಂ ರೋಡ್ ಅಕ್ಕಾ, ನಾಳೆಗೆ ಒಂದು ತುಣುಕು ಬೇಕಾದರೆ ಇದನ್ನು ತಗೊಳ್ಳಿ. ನಮ್ಮ ಊರಿನ ಕಸುಬು, ನಾನೇ ಬರೆದಿದ್ದು.

"ಬಿದರಿ ಪಾತ್ರೆ ಮಾಡಲು ಸತು ಮತ್ತು ತಾಮ್ರ ಕರಗಿಸಿ ಎರಕ ಹೊಯ್ಯುತ್ತಾರೆ. ಇದರಲ್ಲಿ ಸತುವಿನ ಪಾಲೇ ತುಂಬಾ ಹೆಚ್ಚು. ಎರಕದ ಪಾತ್ರೆಯನ್ನು ಅರದಿಂದ ಉಜ್ಜಿ ನಯ ಮಾಡಿ ಮೈಲುತುತ್ತದ ನೀರು ಸವರುತ್ತಾರೆ. ಪಾತ್ರೆ ಕಪ್ಪಾಗುತ್ತದೆ. ಅದರ ಮೇಲೆ ಮೊನಚಾದ ಉಳಿಯಿಂದ ಚಿತ್ತಾರ ಬರೆದು ಗೆರೆ ಕೊರೆಯುತ್ತಾರೆ. ಗೆರೆಯೊಳಗೆ ಬೆಳ್ಳಿ ತಂತಿ ಇಟ್ಟು ಬಡಿಯುತ್ತಾರೆ. ಮತ್ತೆ ಉಜ್ಜಿದಾಗ ಆ ಕಪ್ಪು ಹೋಗಿಬಿಡುತ್ತದೆ. ಕೊನೆಗೆ ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಮತ್ತು ನೀರು ಬೆರೆಸಿ, ಬಿಸಿ ಮಾಡಿದ ಪಾತ್ರೆಗೆ ಹಚ್ಚುತ್ತಾರೆ. ಪಾತ್ರೆ ಕಡುಗಪ್ಪಾಗುತ್ತದೆ, ಬೆಳ್ಳಿ ಮಾತ್ರ ಹಾಗೆಯೇ ಹೊಳೆಯುತ್ತದೆ. ಬಿದರಿ ಕಲೆಗೆ 2006ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು."

"ಯಾವ ಲೋಹ", "ಯಾವ ವರ್ಷ" ಅಂತ ಕೇಳಬೇಡಿ. ಹೀಗೆ ಕೇಳಿ: ಪಾತ್ರೆಯನ್ನು ಎಷ್ಟು ಸಲ ಕಪ್ಪು ಮಾಡಿದರು? ಮೊದಲ ಸಲದ ಕಪ್ಪು ಹೋಗಿಯೇ ಹೋಗುತ್ತದೆ ಅಂದ ಮೇಲೆ ಮಾಡಿದ್ದು ಯಾಕೆ? ಕಡುಗಪ್ಪು ಮಾಡಿದ ಮೇಲೆ ಕೊನೆಗೆ ಬೆಳ್ಳಿ ಕೂರಿಸಿದರೆ ಏನಾಗುತ್ತಿತ್ತು? ಇವಕ್ಕೆ ಒಂದು ಸಾಲು ಎತ್ತಿ ಬರೆದರೆ ಉತ್ತರ ಆಗಲ್ಲ. ಎರಡು ಮೂರು ಸಾಲು ಜೋಡಿಸಬೇಕು. ಇನ್ನೂ ಒಂದು ಕೇಳಿ: ಈ ತುಣುಕು ಏನನ್ನು ಹೇಳದೆ ಬಿಟ್ಟಿದೆ?

ಸೇಡಂ ರೋಡ್ ಅಮ್ಮ

ಮೂರು ದಿನ ಬರಲಾಗಲಿಲ್ಲ, ಮನೆಯಲ್ಲಿ ನೆಂಟರು. ಎಲ್ಲಾ ಓದಿದೆ.

ಗಿಬ್ಬಲು ಪ್ರಶ್ನೆಗೆ ಎರಡೂ ಸರಿ ಬರೆದ ಮಾಸ್ತರೇ! "ಗಿಬ್ಬಲು ಅಂದರೆ ಏನೋ" ಅಂದರೆ ಒಂದು ಕ್ಷಣ ನಿಂತು ಬಿದ್ದು ಬಿದ್ದು ನಕ್ಕ. ಈಗ ಸಮಾಜ ಪಾಠ ಓದುವಾಗ ತಿಳಿಯದ ಸಾಲು ಬಂದರೆ ಅವನೇ "ಅಮ್ಮಾ, ಇದು ಗಿಬ್ಬಲು" ಅಂತ ನಿಲ್ಲಿಸುತ್ತಾನೆ. ಮೊದಲು ತಿಳಿಯಲಿಲ್ಲ ಅಂತ ಹೇಳುತ್ತಲೇ ಇರಲಿಲ್ಲ.

ಪಾಠವನ್ನು ನಾನೇ ಓದಿ ಹೇಳಿಯೂ ನೋಡಿದೆ. ಕೇಳಿದರೂ ಅಷ್ಟೇ, ತಿಳಿಯಲಿಲ್ಲ. ಟೀಚರ್ ಹೇಳಿದ್ದೇ ಸರಿ.

ಬಿದರಿಯದ್ದು ಕೊಟ್ಟೆ. ಮೊದಲು "ಒಂದೇ ಸಲ ಕಪ್ಪು" ಅಂದ. ಮತ್ತೆ ಓದು ಅಂದೆ. ಎರಡು ಅಂದ. ಯಾಕೆ ಅನ್ನೋದಕ್ಕೆ ಬಹಳ ಹೊತ್ತು ಹಿಡಿಯಿತು. ಆಮೇಲೆ "ಬಿಳಿ ಲೋಹದ ಮೇಲೆ ಗೆರೆ ಎಳೆದರೆ ಕಾಣಲ್ಲ, ಕಪ್ಪಿನ ಮೇಲೆ ಎಳೆದರೆ ಕಾಣುತ್ತದೆ, ನಮ್ಮ ಬೋರ್ಡ್ ಹಾಗೆ" ಅಂದ. ಕೊನೆಗೆ ಬೆಳ್ಳಿ ಕೂರಿಸಿದರೆ ಉಜ್ಜುವಾಗ ಕಪ್ಪೆಲ್ಲಾ ಹೋಗುತ್ತದೆ ಅಂತಲೂ ಹೇಳಿದ. ಹೇಳದೆ ಬಿಟ್ಟಿದ್ದು ಏನು ಅಂದರೆ ಅವನದೇ ಪ್ರಶ್ನೆ, "ಕೋಟೆ ಮಣ್ಣೇ ಯಾಕೆ, ನಮ್ಮ ಮನೆ ಮಣ್ಣು ಯಾಕೆ ಆಗಲ್ಲ?"

ಬೀದರ್ ಓಣಿಯವಳು

ಜಾಣ! ಕುಶಲಕರ್ಮಿಗಳು ಹೇಳೋದು, ಕೋಟೆಯೊಳಗೆ ಬಿಸಿಲು ಮಳೆ ತಾಕದೆ ಬಹಳ ವರ್ಷ ಇದ್ದ ಮಣ್ಣೇ ಬೇಕು ಅಂತ. ಅವರು ಒಂದು ಚಿಟಿಕೆ ನಾಲಿಗೆಗೆ ಇಟ್ಟು ರುಚಿ ನೋಡಿ ಮಣ್ಣು ಆರಿಸುತ್ತಾರೆ. ಬೀದರಿಗೆ ಬಂದರೆ ಚೌಬಾರಾ ಹತ್ತಿರದ ಓಣಿಗಳಲ್ಲಿ ಕರಕೊಂಡು ಹೋಗಿ, ಕೆಲಸ ನಡೆಯೋದು ಕಣ್ಣಾರೆ ನೋಡಲಿ.

ಔರಾದ ಪಾಲಕ

ತಡವಾಗಿ ಬರೆಯುತ್ತಿದ್ದೇನೆ, ಕ್ಷಮೆ ಇರಲಿ. ನಮ್ಮ ಹುಡುಗ ಎಂಟನೇ ಕ್ಲಾಸ್. ಮನೆಯಲ್ಲಿ ಮರಾಠಿ, ಸಾಲಿ ಕನ್ನಡ. ಇವನದು ಬೇರೆ ಕಥೆ. ಓದೋದೇ ನಿಧಾನ. ಒಂದು ಸಾಲು ಮುಗಿಸಲು ಬೆವರುತ್ತಾನೆ. ಇವನಿಗೂ ಇದನ್ನೇ ಮಾಡಬೇಕಾ?

ಚಿತ್ತಾಪುರ ಮಾಸ್ತರ

ಇಲ್ಲ ಸಾಹೇಬ್ರೇ, ಇವನಿಗೆ ಮೊದಲ ಕೆಲಸ ಬೇರೆ. ಟೀಚರ್ ಹೇಳಿದ ಗುಣಾಕಾರದಲ್ಲಿ ಇವನದು ಮೊದಲ ಅಂಕಿಯೇ ಸಣ್ಣದು. ಅಕ್ಷರ ಬಿಡಿಸುವುದರಲ್ಲೇ ಗಮನ ಖರ್ಚಾಗಿ ಹೋದರೆ ಅರ್ಥಕ್ಕೆ ಏನು ಉಳಿಯುತ್ತದೆ?

ಎರಡನೇ ಕ್ಲಾಸಿನ ಕನ್ನಡ ಪುಸ್ತಕದಿಂದ ಒಂದು ಪ್ಯಾರಾ ಓದಿಸಿ. ಅಲ್ಲೂ ತಡವರಿಸಿದರೆ ಎಲ್ಲಿ ಅಂತ ಗುರುತು ಮಾಡಿಕೊಳ್ಳಿ. ಹೆಚ್ಚಾಗಿ ಒತ್ತಕ್ಷರ ಮತ್ತು ದೀರ್ಘದಲ್ಲಿ ಸಿಕ್ಕಿಬೀಳುತ್ತಾರೆ. "ಸ್ಥ", "ತ್ರ", "ಷ್ಟ್ರ", "ಜ್ಞ", ಇವು ಎಂಟನೇ ಕ್ಲಾಸಿನ ಪುಸ್ತಕದಲ್ಲಿ ಸಾಲಿಗೊಂದು ಬರುತ್ತವೆ. ಯಾವುದು ಬರಲ್ಲವೋ ಅದನ್ನು ಮಾತ್ರ ಹಿಡಿದು, ಅದಿರುವ ಪದಗಳನ್ನು ದಿನಾ ಹತ್ತು ನಿಮಿಷ ಓದಿಸಿ. ಮರಾಠಿ ಅಕ್ಷರ ಗೊತ್ತಿದ್ದರೆ ಪಕ್ಕದಲ್ಲಿ ಬರೆದು ತೋರಿಸಿ, ಸದ್ದು ಒಂದೇ ಅಂತ ಬೇಗ ಹಿಡಿಯುತ್ತಾನೆ. ಒಂದೇ ಸಣ್ಣ ಪ್ಯಾರಾವನ್ನು ವಾರ ಪೂರ್ತಿ ಓದಿದರೂ ಪರವಾಗಿಲ್ಲ, ವೇಗ ಬರಬೇಕು.

ಹಾಗಂತ ವಿಷಯ ನಿಲ್ಲಿಸಬೇಡಿ. ಸಮಾಜ, ವಿಜ್ಞಾನ ಪಾಠಗಳನ್ನು ನೀವೋ ಅವನ ಅಕ್ಕನೋ ಓದಿ ಹೇಳಿ, ಮರಾಠಿಯಲ್ಲಿ ಮಾತಾಡಿ. ಕೇಳಿ ತಿಳಿಯುವುದು ಮುಂದುವರಿಯಲಿ, ಅಕ್ಷರ ಹಿಂದಿನಿಂದ ಬಂದು ಕೂಡಿಕೊಳ್ಳುತ್ತದೆ. ಎಂಟನೇ ಕ್ಲಾಸಿನವನಿಗೆ ಎರಡನೇ ಕ್ಲಾಸಿನ ಪುಸ್ತಕ ತಮ್ಮ ತಂಗಿಯರ ಮುಂದೆ ಕೊಡಬೇಡಿ, ನಾಚಿಕೆ ಆಗುತ್ತದೆ. ಆ ಪ್ಯಾರಾವನ್ನು ಬೇರೆ ಹಾಳೆಯಲ್ಲಿ ಬರೆದು ಕೊಡಿ.

ಔರಾದ ಪಾಲಕ

ಸರಿ ಮಾಸ್ತರೇ. ಹಾಳೆಯಲ್ಲಿ ಬರೆದುಕೊಡುವುದು ಹೊಳೆದಿರಲಿಲ್ಲ. ಭಾನುವಾರ ಅವನ ಅಕ್ಕ ಬರುತ್ತಾಳೆ, ಅವಳ ಕೈಲೇ ಬರೆಸುತ್ತೇನೆ.